ನೇಪಲ್ಸಿನ ಬಾವಿಗೆ ಬೆಳಕು ಬಿಟ್ಟದ್ದು

ನಮ್ಮ ವರ್ಕ್‌ಶಾಪಿನಲ್ಲಿ ಅದುವರೆಗೆ ಯಾರೂ ಗುಡ್ಡ ಮಾಡಿರಲಿಲ್ಲ. ದುಬೈಯ ಅಲ್ ಕೂಜ್‌ನ ಆ ಶೆಡ್ಡಿನಲ್ಲಿ ನಾವು ಮಾಡುತ್ತಿದ್ದದ್ದು ಇನ್ನೂ ಕಟ್ಟದ ಟವರುಗಳ ಮತ್ತು ವಿಲ್ಲಾಗಳ ಮಾದರಿಗಳು. ಮನೆ ಕೊಳ್ಳಲು ಬಂದವರು ಗಾಜಿನ ಪೆಟ್ಟಿಗೆಯ ಸುತ್ತ ನಿಂತು ತಮ್ಮ ಬಾಲ್ಕನಿ ಯಾವುದೆಂದು ಬೆರಳು ಮಾಡಿ ಕೇಳುತ್ತಾರಲ್ಲ, ಅಂಥವು. ಬುಡಕ್ಕೆ ಒಂದು ಚಪ್ಪಟೆ ಹಲಗೆ, ಅದಕ್ಕೆ ಮರಳಿನ ಬಣ್ಣ ಬಳಿದರೆ ನೆಲ ಮುಗಿಯಿತು. ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ. ನೆಲದ ಕೆಳಗೆ ಏನಾದರೂ ಇದ್ದರೆ ಅದು ಕಾರು ನಿಲ್ಲಿಸುವ ಜಾಗ, ಅದನ್ನು ಯಾರೂ ಮಾದರಿಯಲ್ಲಿ ತೋರಿಸುವುದಿಲ್ಲ.

ಹೀಗಿರುವಾಗ ಅಬುಧಾಬಿಯಿಂದ ಒಂದು ಕೆಲಸ ಬಂತು. ಅಲ್ಲೊಂದು ವಸ್ತುಪ್ರದರ್ಶನ, ಹಳೆಯ ಊರುಗಳ ಕುರಿತದ್ದು. ಅದಕ್ಕೆ ಇಟಲಿಯ ನೇಪಲ್ಸ್ ನಗರದ ಒಂದು ಹಳೇ ಕೇರಿಯನ್ನು ಪದರ ಪದರವಾಗಿ ಸೀಳಿ ತೋರಿಸುವ ಮಾದರಿ ಬೇಕಿತ್ತು. ಮೇಲೆ ಇವತ್ತಿನ ಮನೆಗಳು, ಅದರ ಕೆಳಗೆ ರೋಮನ್ನರ ಕಾಲದ ಬೀದಿ ಮತ್ತು ಅಂಗಡಿಗಳು, ಎಲ್ಲಕ್ಕಿಂತ ಕೆಳಗೆ ಗ್ರೀಕರು ಕಲ್ಲು ಕಡಿದು ಬಿಟ್ಟ ಗುಹೆಗಳು. ಅಳತೆ ನೂರಕ್ಕೆ ಒಂದು, ಅಂದರೆ ನಿಜದ ಒಂದು ಮೀಟರು ನಮ್ಮಲ್ಲಿ ಒಂದು ಸೆಂಟಿಮೀಟರು. ಕೈಕೆತ್ತನೆ ಬಲ್ಲವರಲ್ಲಿ ಶೆಡ್ಡಿನಲ್ಲಿ ಉಳಿದಿದ್ದವನು ನಾನೊಬ್ಬನೇ ಆದ್ದರಿಂದ ನೆಲದಡಿಯ ಭಾಗ ನನ್ನ ಪಾಲಿಗೆ ಬಂತು. ಮೇಲಿನ ಎರಡು ಪದರ ನಮ್ಮ ಡ್ರಾಯಿಂಗ್ ಎಂಜಿನಿಯರನ ಪಾಲಿಗೆ. ಅವನು ಹುಬ್ಬಳ್ಳಿ ಕಡೆಯವನು, ಕಂಪ್ಯೂಟರಿನಲ್ಲಿ ಬರೆದು ಲೇಸರಿಗೆ ಕೊಟ್ಟರೆ ಮನೆಗಳು ತಾವಾಗಿಯೇ ಕತ್ತರಿಸಿ ಬರುತ್ತಿದ್ದವು. ನನಗೆ ಯಾವ ಯಂತ್ರವೂ ಇರಲಿಲ್ಲ, ಗಟ್ಟಿ ಫೋಮಿನ ದೊಡ್ಡ ಗಡ್ಡೆ ಮತ್ತು ಉಳಿಗಳು ಅಷ್ಟೇ.

ಕೆಲಸ ಒಪ್ಪಿಸಿದವರು ಒಬ್ಬ ಇಟಾಲಿಯನ್ ಹೆಂಗಸು, ಆ ಪ್ರದರ್ಶನದ ಹೊಣೆ ಹೊತ್ತ ಸಂಶೋಧಕಿ. ಅವರ ಕಚೇರಿ ಅಬುಧಾಬಿಯ ಖಾಲಿದಿಯಾದಲ್ಲಿತ್ತು. ಮೊದಲ ಸಲ ನಾವಿಬ್ಬರೂ ಅಲ್ಲಿಗೆ ಹೋದಾಗ ಅವರು ನಕ್ಷೆ ತೆರೆಯುವ ಮೊದಲು ಕಥೆ ತೆರೆದರು. ಸಮುದ್ರದಲ್ಲಿ ಹಾಡುತ್ತಿದ್ದ ಒಬ್ಬ ಕಿನ್ನರಿಯ ಹೆಣ ದಡಕ್ಕೆ ತೇಲಿಬಂತಂತೆ, ಅವಳ ಸಮಾಧಿಯ ಸುತ್ತ ಊರು ಬೆಳೆಯಿತಂತೆ. ಮಂತ್ರವಾದಿಯೆಂದು ಜನ ನಂಬಿದ್ದ ಒಬ್ಬ ಪುರಾತನ ಕವಿ ಕಡಲ ಕೋಟೆಯ ಬುಡದಲ್ಲಿ ಒಂದು ಮೊಟ್ಟೆ ಬಚ್ಚಿಟ್ಟಿದ್ದಾನಂತೆ, ಅದು ಒಡೆದ ದಿನ ಊರು ಕುಸಿಯುತ್ತದಂತೆ. ಇದೆಲ್ಲ ಕಥೆ. ಆದರೆ ಕಥೆಯಲ್ಲದ ಒಂದು ಸಂಗತಿಯನ್ನೂ ಅವರು ಹೇಳಿದರು. ಆ ಊರಲ್ಲಿ ಒಂದು ಮನೆಯ ಮಂಚ ಸರಿಸಿದರೆ ನೆಲದಲ್ಲಿ ಬಾಗಿಲು, ಬಾಗಿಲ ಕೆಳಗೆ ಮೆಟ್ಟಿಲು, ಮೆಟ್ಟಿಲಿಳಿದರೆ ರೋಮನ್ನರ ನಾಟಕಶಾಲೆ. ಅದರ ಗೋಡೆಗಳ ಮೇಲೆಯೇ ಆ ಕೇರಿಯ ಮನೆಗಳು ನಿಂತಿವೆ.

"ನಮ್ಮಲ್ಲಿ ಮನೆ ಕಟ್ಟುವ ಕಲ್ಲನ್ನು ದೂರದಿಂದ ತರುತ್ತಿರಲಿಲ್ಲ," ಎಂದು ಅವರು ಇಂಗ್ಲಿಷಿನಲ್ಲಿ ವಿವರಿಸಿದರು. "ಮನೆಯ ಕೆಳಗಿನಿಂದಲೇ ಕಡಿದು ಮೇಲೆತ್ತುತ್ತಿದ್ದರು. ಕಡಿದ ಗುಂಡಿಯಲ್ಲಿ ನೀರು ತುಂಬಿಸುತ್ತಿದ್ದರು. ಪ್ರತಿ ಅಂಗಳದಲ್ಲೂ ಅದಕ್ಕೊಂದು ಬಾವಿ. ಮನೆ ಮತ್ತು ನೀರು ಎರಡೂ ಒಂದೇ ಗುಂಡಿಯಿಂದ ಬಂದವು."

ನನಗೆ ಇದು ಹೊಸತೆನಿಸಲಿಲ್ಲ. ನಮ್ಮೂರ ಕಡೆ ಕೆಂಪು ಮುರಕಲ್ಲು ಕಡಿದ ಕೋರೆಯ ಗುಂಡಿಯಲ್ಲಿ ಮಳೆನೀರು ನಿಂತು ಮಕ್ಕಳು ಈಜು ಕಲಿಯುವುದನ್ನು ನೋಡಿ ಬೆಳೆದವನು ನಾನು. ಹಾಗೆಂದು ಹೇಳಿದೆ. ಅವರು ಬಹಳ ಸಂತೋಷಪಟ್ಟರು. ಆ ಸಂತೋಷದಲ್ಲಿ ಇನ್ನೊಂದು ಕಥೆಯೂ ಹೊರಬಿತ್ತು.

ಆ ನೀರಿನ ಗುಹೆಗಳನ್ನು ಗುಡಿಸಿ ಶುಚಿ ಮಾಡುವ ಆಳುಗಳಿದ್ದರಂತೆ. ಒಂದು ಗುಹೆಯಿಂದ ಇನ್ನೊಂದಕ್ಕೆ ಹೋಗುವ ಕಾಲುವೆ ಎಷ್ಟು ಇಕ್ಕಟ್ಟೆಂದರೆ ಸಣಕಲರು ಮಾತ್ರ ಅಡ್ಡಡ್ಡ ನುಸುಳಬೇಕು. ಬಾವಿಯ ಗೋಡೆಯಲ್ಲಿ ಕಾಲು ಇಡಲು ಸಣ್ಣ ಸಣ್ಣ ತೂತು ಕೊರೆದು, ಅದರಲ್ಲಿ ಹತ್ತಿ ಇಳಿಯುತ್ತಿದ್ದರು. ತಣ್ಣೀರಲ್ಲಿ ಕೆಲಸವಾದ್ದರಿಂದ ಮೈತುಂಬ ಹೊದ್ದ ದಪ್ಪ ಬಟ್ಟೆ, ತಲೆಗೆ ಕುಲಾವಿ, ಅಲ್ಲಿಯ ಕ್ರೈಸ್ತ ಸನ್ಯಾಸಿಗಳ ಹಾಗೆ. ಮನೆಯವರು ಎಲ್ಲೋ ಇರುವಾಗ ಬಾವಿಯಿಂದ ಮೇಲೆ ಬಂದು ಮನೆಯೊಳಗೆ ಸುಳಿದು ಹೋಗುವುದೂ ಇತ್ತಂತೆ. ಜನ ಅದಕ್ಕೆ ಪುಟ್ಟ ಸನ್ಯಾಸಿ ಎಂದು ಹೆಸರಿಟ್ಟರು. ಮನೆಯಲ್ಲೊಂದು ಭೂತ, ಕಾಣುವುದಿಲ್ಲ. ಮನಸ್ಸು ಬಂದರೆ ಏನಾದರೂ ಇಟ್ಟು ಹೋಗುತ್ತದೆ, ಕೋಪ ಬಂದರೆ ಇದ್ದದ್ದನ್ನು ಬಚ್ಚಿಡುತ್ತದೆ.

"ಒಂದು ನಿಯಮ ಉಂಟು," ಎಂದರು ಮೇಡಂ. "ಅವನು ನಿಮಗೆ ಒಳ್ಳೆಯದು ಮಾಡಿದರೆ ಯಾರಿಗೂ ಹೇಳಬಾರದು. ಹೇಳಿದರೆ ಮತ್ತೆ ಬರುವುದಿಲ್ಲ. ನನ್ನ ಅಜ್ಜಿ ಸಾಯುವವರೆಗೂ ಬಾಯಿ ಬಿಡಲಿಲ್ಲ. ಅವಳಿಗೆ ಏನು ಸಿಕ್ಕಿತ್ತೋ ನಮಗೆ ಗೊತ್ತಿಲ್ಲ."

ಬಸ್ಸಿನಲ್ಲಿ ಹಿಂದಿರುಗುವಾಗ ಎಂಜಿನಿಯರ್ ನಿದ್ದೆ ಹೋದ. ನನಗೆ ನಗು ಬಂತು. ಅಂಥ ಒಬ್ಬ ಸನ್ಯಾಸಿಯ ಜೊತೆ ನಾನು ಆಗಲೇ ಸಂಸಾರ ಮಾಡುತ್ತಿದ್ದೆ.

ಮಗಳ ಹತ್ತನೇ ಕ್ಲಾಸು ಮುಗಿದು ಅವಳೂ ಹೆಂಡತಿಯೂ ಮೂಡುಬಿದಿರೆಗೆ ಹೋಗಿದ್ದರು. ಪಿಯುಸಿ ಅಲ್ಲೇ ಎಂದು ಮೊದಲೇ ತೀರ್ಮಾನವಾಗಿತ್ತು. ಊದ್ ಮೇಥಾದ ಮನೆ ಬಿಟ್ಟು ನಾನು ಅಲ್ ಬರ್ಷಾದ ಒಂದು ಶೇರಿಂಗ್ ಫ್ಲ್ಯಾಟಿಗೆ ಬಂದೆ. ಎರಡು ಮಂಚದ ಕೋಣೆ. ಇನ್ನೊಂದು ಮಂಚದವನಿಗೆ ಏರ್‌ಪೋರ್ಟಿನ ಕಾರ್ಗೋದಲ್ಲಿ ನೈಟ್ ಡ್ಯೂಟಿ ಎಂದು ಫ್ಲ್ಯಾಟು ನೋಡಿಕೊಳ್ಳುವವನು ಹೇಳಿದ್ದ. ನಾನು ಹೊರಟ ಮೇಲೆ ಅವನು ಬರುತ್ತಿದ್ದ, ನಾನು ಬರುವ ಹೊತ್ತಿಗೆ ಹೊರಟಿರುತ್ತಿದ್ದ. ನನ್ನ ಭಾನುವಾರದ ರಜೆ ಅವನಿಗಿರಲಿಲ್ಲ. ಹೆಸರು ಕೇಳಿದ್ದೆ, ಮರೆತೆ. ಮತ್ತೆ ಕೇಳಲು ನಾಚಿಕೆಯಾಯಿತು.

ಒಂದು ಸಂಜೆ ಧೂಳುಗಾಳಿ ಎದ್ದಿತ್ತು. ಬಾಲ್ಕನಿಯಲ್ಲಿ ಒಣಹಾಕಿದ್ದ ಅಂಗಿಗಳ ಗತಿ ಏನೋ ಎಂದುಕೊಂಡು ಬಂದರೆ ಅವು ಮಡಚಿ ನನ್ನ ಮಂಚದ ಮೇಲಿದ್ದವು. ಹೆಂಡತಿ ಹೋದ ಮೇಲೆ ನನ್ನ ಬಟ್ಟೆಯನ್ನು ಬೇರೆಯವರು ಮಡಚಿದ್ದು ಅದೇ ಮೊದಲು. ಮರುದಿನ ಊರಿಂದ ಯಾರದೋ ಕೈಯಲ್ಲಿ ಬಂದಿದ್ದ ಚಕ್ಕುಲಿಯನ್ನು ಡಬ್ಬಿಯಲ್ಲಿ ಹಾಕಿ ಮೇಜಿನ ಮೇಲಿಟ್ಟು ಹೋದೆ. ಸಂಜೆ ಡಬ್ಬಿ ತೊಳೆದಿತ್ತು, ಒಳಗೆ ಎರಡು ಕಿತ್ತಳೆ. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದನ್ನು ಅವನ ಮನೆಯಲ್ಲೂ ಕಲಿಸಿದ್ದರು. ಹೀಗೆ ಶುರುವಾಯಿತು ನಮ್ಮ ವ್ಯವಹಾರ. ಒಮ್ಮೆ ಖರ್ಜೂರ, ಒಮ್ಮೆ ಸೀಬೆಕಾಯಿಯ ಅರ್ಧ ಹೋಳು, ಒಮ್ಮೆ ನನ್ನ ಹರಿದ ಚಪ್ಪಲಿಗೆ ಅಂಟು. ಮುಖ ನೋಡದ ಮನುಷ್ಯನ ಜೊತೆ ಇಷ್ಟು ಚೆನ್ನಾಗಿ ಹೊಂದಿಕೊಳ್ಳಬಹುದೆಂದು ನನಗೆ ಗೊತ್ತಿರಲಿಲ್ಲ.

ಕೆಲಸಕ್ಕೆ ಬರೋಣ. ಮೇಡಂ ಕೊಟ್ಟ ಹಾಳೆಗಳಲ್ಲಿ ಪ್ರತಿ ಗುಹೆಯ ಆಕಾರವಿತ್ತು, ಆಯಾ ಅಂಗಳದಿಂದ ಅದು ಎಷ್ಟು ಆಳ ಎಂಬ ಅಳತೆ ಇತ್ತು. ನಾನು ಮತ್ತು ಎಂಜಿನಿಯರ್ ಮೊದಲ ದಿನವೇ ಒಪ್ಪಂದ ಮಾಡಿಕೊಂಡೆವು: ಅವನ ರೋಮನ್ ಪದರದ ತಳ ನನ್ನ ಸೊನ್ನೆ. ಅಲ್ಲಿಂದ ಮೇಲಿನದು ಅವನದು, ಕೆಳಗಿನದು ನನ್ನದು. ಯಾವ ಟವರಿಗೂ ನಾವು ಹೀಗೆಯೇ ಮಾಡುತ್ತಿದ್ದದ್ದು. ಅದಕ್ಕೆ ಚರ್ಚೆಯೂ ಬೇಕಾಗಲಿಲ್ಲ.

ನಾನು ಆಳದಲ್ಲಿ ರೋಮನ್ ಪದರದ ದಪ್ಪ ಕಳೆದು, ಫೋಮನ್ನು ಹಾಸಿ ಅದರ ಸಪಾಟು ಮೈಯನ್ನೇ ಸೊನ್ನೆ ಎಂದು ಹಿಡಿದು ಕೆತ್ತತೊಡಗಿದೆ. ಅಲ್ಲಿಯ ಕಲ್ಲು ಹಳದಿ, ಬೂದಿಯಿಂದಾದದ್ದು, ಮೆದು. ಆ ಹಳದಿ ಹಿಡಿಯಲು ಬಹಳ ದಿನ ಹೋಯಿತು. ಬಣ್ಣ ಹೆಚ್ಚಾದರೆ ಬೇಳೆಹೋಳಿಗೆಯ ಹಾಗೆ ಕಾಣುತ್ತಿತ್ತು. ಕೊನೆಗೆ ಒಣ ಕುಂಚದಲ್ಲಿ ಬೂದುಬಣ್ಣವನ್ನು ತೀರಾ ತೆಳುವಾಗಿ ಉಜ್ಜಿದಾಗ ಕಲ್ಲಿಗೆ ವಯಸ್ಸಾಯಿತು. ಕಲ್ಲು ಕಡಿದ ಗೀರುಗಳನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನ ಹಿಡಿಯಿಂದ ಎಳೆದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಾಂಬಿಗೆ ಹೆದರಿ ಜನ ಇದೇ ಗುಹೆಗಳಲ್ಲಿ ಅಡಗಿದ್ದರಂತೆ, ಅದಕ್ಕಾಗಿ ಒಂದು ಗುಹೆಯಲ್ಲಿ ಕಬ್ಬಿಣದ ಪುಟಾಣಿ ಮಂಚಗಳನ್ನಿಟ್ಟೆ. ಬಾವಿಯ ಗೋಡೆಗಳಲ್ಲಿ ಕಾಲಿಡುವ ತೂತುಗಳನ್ನು ಸೂಜಿ ಕಾಯಿಸಿ ಒಂದೊಂದಾಗಿ ಚುಚ್ಚಿದೆ. ಅದು ಯಾರಿಗೂ ಕಾಣುವುದಿಲ್ಲವೆಂದು ಮ್ಯಾನೇಜರ್ ಗೊಣಗಿದರು. ಕಾಣದಿದ್ದರೂ ಇರಲಿ ಎಂದು ನಾನು ಚುಚ್ಚುತ್ತಲೇ ಹೋದೆ. ಕಡೆಗೆ ಪಾರದರ್ಶಕ ರೆಸಿನ್ ಸುರಿದು ನೀರು ಮಾಡಿದೆ. ಅದು ತೆಳುವಾಗಿ ಹರಿದು ತಾನೇ ಮಟ್ಟ ಹುಡುಕಿಕೊಂಡು ಗಟ್ಟಿಯಾಗುವ ಅಂಟು.

ಒಂದು ವಿಚಿತ್ರ ಆಗಲೇ ಕಣ್ಣಿಗೆ ಬಿದ್ದಿತ್ತು. ಗುಹೆಯಿಂದ ಗುಹೆಗೆ ಹೋಗುವ ಕಾಲುವೆಗಳು ನನ್ನ ಗಡ್ಡೆಯಲ್ಲಿ ಸಮುದ್ರದ ಕಡೆಗೆ ಏಣಿಯಂತೆ ಏರುತ್ತಿದ್ದವು, ಗುಡ್ಡದಿಂದ ಬರುವ ನೀರು ಹತ್ತಿಕೊಂಡು ಹೋಗಬೇಕಿತ್ತು. ಪುರಾತನರ ವಿದ್ಯೆ ಇರಬೇಕು, ಮೊಟ್ಟೆ ಇಟ್ಟು ಊರು ನಿಲ್ಲಿಸಿದವರಿಗೆ ನೀರು ಹತ್ತಿಸುವುದು ಹೆಚ್ಚೇ ಎಂದುಕೊಂಡು ಸುಮ್ಮನಾದೆ. ಮೊಟ್ಟೆಯ ನೆನಪಾದದ್ದೇ ತಡ, ಎಂಜಿನಿಯರನ ಕಣ್ಣೆದುರೇ ಒಂದು ಸಾಬಕ್ಕಿ ಕಾಳನ್ನು ಬುಡದ ಹಲಗೆಯ ಮೇಲಿಟ್ಟು ಗಡ್ಡೆ ಕೂರಿಸಿದೆ. ನೂರಕ್ಕೆ ಒಂದರ ಅಳತೆಯಲ್ಲಿ ಅದು ಕಲ್ಲಂಗಡಿಗಿಂತ ದೊಡ್ಡ ಮೊಟ್ಟೆ. ಇರಲಿ, ಊರು ಭದ್ರವಾಗಿರುತ್ತದೆ.

ಜೋಡಿಸುವ ದಿನ ಮೇಲಿನ ಪದರಗಳನ್ನು ನಾಲ್ಕು ಜನ ಹಿಡಿದು ಇಳಿಸಿದರು. ಅರ್ಧದಲ್ಲೇ ಕಿರ್ರ್ ಎಂದು ನಿಂತಿತು. ಸಮುದ್ರದ ಕಡೆ ನನ್ನ ಗುಹೆಗಳು ಅವನ ರೋಮನ್ ಅಂಗಡಿಗಳಿಗೆ ತಲೆ ಹಾಕುತ್ತಿದ್ದವು. ಗುಡ್ಡದ ಕಡೆ ನಡುವೆ ಗೇಣಗಲ ಖಾಲಿ. ಬಾವಿಗಳೆಲ್ಲ ಗಾಳಿಯಲ್ಲಿ ತೂಗುತ್ತಿದ್ದವು.

ಎಂಜಿನಿಯರ್ ಬಗ್ಗಿ ನೋಡಿ, ಮೆಲ್ಲಗೆ ಹೇಳಿದ: "ಅಣ್ಣಾರ, ನಿಮ್ಮ ತತ್ತಿ ಒಡದೈತಿ ಕಾಣ್ತದ ನೋಡ್ರಿ."

ತಪ್ಪು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನ ಕಂಪ್ಯೂಟರಿನಲ್ಲಿ ಕೇರಿ ಇಳಿಜಾರಾಗಿಯೇ ಇತ್ತು, ಬೀದಿ ಗುಡ್ಡದಿಂದ ಸಮುದ್ರದತ್ತ ಇಳಿಯುತ್ತಿತ್ತು. ನಾನು ಮಾತ್ರ ಎಲ್ಲ ಅಂಗಳಗಳೂ ಒಂದೇ ಸಪಾಟಿನಲ್ಲಿವೆ ಎಂದು ಹಿಡಿದು ಅಲ್ಲಿಂದ ಕೆಳಕ್ಕೆ ಅಳೆದಿದ್ದೆ. ಮೇಲಿನ ನಕ್ಷೆಯನ್ನು ನಾನು ಕೇಳಿರಲಿಲ್ಲ, ಅವನೂ ತೋರಿಸಬೇಕೆಂದುಕೊಂಡಿರಲಿಲ್ಲ. ನೆಲವೆಂದರೆ ಚಪ್ಪಟೆ ಎಂಬುದು ಇಷ್ಟು ವರ್ಷ ದುಬೈ ನಮ್ಮ ಕೈಗೆ ಕಲಿಸಿದ ಅಭ್ಯಾಸ. ಅದರ ಬಗ್ಗೆ ಯೋಚಿಸಬೇಕೆಂದೇ ಇಬ್ಬರಿಗೂ ಹೊಳೆದಿರಲಿಲ್ಲ.

ಮಾದರಿ ಸಾಗಿಸುವ ದಿನ ಹತ್ತಿರದಲ್ಲಿತ್ತು. ಹೊಸ ಗಡ್ಡೆ ಕೆತ್ತಲು ಸಮಯವಿರಲಿಲ್ಲ. ಮ್ಯಾನೇಜರ್ ಉಪಾಯ ಕೊಟ್ಟರು, ಗುಡ್ಡದ ಕಡೆ ಬುಡಕ್ಕೆ ಬೆಣೆ ಕೊಟ್ಟು ಗಡ್ಡೆಯನ್ನೇ ಓರೆ ಮಾಡಿ ಎಂದು. ಮಾಡಿದೆವು. ಗಡ್ಡೆಯ ಮೈ ಬೀದಿಯ ಇಳಿಜಾರಿಗೆ ಸರಿಯಾಗಿ ಕೂತಿತು. ಆದರೆ ಬಾವಿಗಳೆಲ್ಲ ಕುಡಿದವರ ಹಾಗೆ ವಾಲಿದವು, ಮೇಲಿನ ತೂತಿಗೂ ಕೆಳಗಿನ ತೂತಿಗೂ ತಾಳೆಯಾಗಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ನೀರು. ಗಟ್ಟಿಯಾದ ರೆಸಿನ್ ಗಡ್ಡೆಯ ಜೊತೆಗೇ ಓರೆಯಾಗಿತ್ತು. ಪ್ರತಿ ಗುಹೆಯಲ್ಲೂ ನೀರು ಒಂದು ಗೋಡೆಗೆ ಮೇಲೆ, ಇನ್ನೊಂದಕ್ಕೆ ಕೆಳಗೆ ನಿಂತಿತ್ತು. ಎಷ್ಟೇ ಚಂದ ಕೆತ್ತಿದ್ದರೂ ಓರೆ ನಿಂತ ನೀರನ್ನು ಕಂಡ ಕೂಡಲೇ ಇಡೀ ಊರು ಸುಳ್ಳೆನಿಸುತ್ತಿತ್ತು.

ಮೇಡಂ ಅಬುಧಾಬಿಯಿಂದ ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಾಗಿ ಒಂದು ಗುಹೆಯೊಳಗೆ ಬಹಳ ಹೊತ್ತು ನೋಡಿದರು, ಆ ಪುಟ್ಟ ಮಂಚಗಳನ್ನು.

"ಚೆನ್ನಾಗಿದೆ," ಎಂದರು. "ಆದರೆ ಹೀಗೆ ತೋರಿಸಲಾಗುವುದಿಲ್ಲ. ಮೇಲಿನ ಎರಡು ಪದರ ಕಳಿಸಿ. ಕೆಳಗಿನದಕ್ಕೆ ಕಪ್ಪು ಬಟ್ಟೆ ಸುತ್ತಿ ಪೀಠ ಮಾಡುತ್ತೇವೆ. ಲಾರಿ ಬರುವವರೆಗೆ ನಿಮ್ಮಿಂದ ಏನಾದರೂ ಆದರೆ ನೋಡಿ. ಆಗದಿದ್ದರೆ ಖಲಾಸ್."

ಅಂದರೆ ನಾನು ಮಾಡಿದ್ದೆಲ್ಲ ಬಟ್ಟೆಯ ಹಿಂದೆ ಹೋಗುತ್ತಿತ್ತು. ಪ್ರದರ್ಶನ ಮುಗಿದ ಮೇಲೆ ಕಸದ ಡಬ್ಬಿಗೆ. ಸಂಸಾರ ಊರಿಗೆ ಹೋದಂದಿನಿಂದ ನನ್ನ ಕೈಗಳು ಮಾತಾಡಿದ್ದು ಆ ಗಡ್ಡೆಯ ಜೊತೆ ಮಾತ್ರ. ಅದನ್ನು ಒಬ್ಬರಾದರೂ ಬಗ್ಗಿ ನೋಡಬೇಕೆಂಬುದು ಬಿಟ್ಟು ನನಗೆ ಆಗ ಬೇರೆ ಆಸೆ ಇರಲಿಲ್ಲ.

ಅದೇ ವಾರ ಇನ್ನೊಂದಾಯಿತು. ಫೋನಿನಲ್ಲಿ ಹೆಂಡತಿ ನನ್ನ ದನಿ ಕೇಳಿ ಏನಾಯಿತೆಂದು ವಿಚಾರಿಸಿದಳು. ಕೆಲಸದ ಸಂಕಟ ಹೇಳಿ ಅವಳನ್ನು ಹೆದರಿಸುವುದು ಬೇಡವೆಂದು ಸಂತೋಷದ ಸುದ್ದಿಯೊಂದನ್ನು ಹುಡುಕಿದೆ. ಇದ್ದದ್ದು ಒಂದೇ. ಅಂಗಿ ಮಡಚಿಟ್ಟದ್ದು, ಕಿತ್ತಳೆ, ಚಪ್ಪಲಿಗೆ ಅಂಟು, ಎಲ್ಲ ಹೇಳಿಬಿಟ್ಟೆ. ಅವಳು ನಕ್ಕಳು, ನನಗೂ ಹಗುರವಾಯಿತು. ಎರಡು ದಿನದ ಮೇಲೆ ಕೋಣೆಗೆ ಬಂದರೆ ಎದುರಿನ ಮಂಚ ಬೋಳಾಗಿತ್ತು, ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆ ಕಾಣುತ್ತಿತ್ತು.

"ವೋ ತೋ ಶಾರ್ಜಾ ಶಿಫ್ಟ್ ಹೋ ಗಯಾ," ಎಂದ ಫ್ಲ್ಯಾಟು ನೋಡಿಕೊಳ್ಳುವವನು.

ನಾನು ಅಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಆ ಸಂಜೆ ನನ್ನ ಬಾಯಿಯ ಮೇಲೆ ನನಗೇ ಸಿಟ್ಟು ಬಂತು. ಮೇಜಿನ ಮೇಲೆ ಡಬ್ಬಿ ತೊಳೆದು ಕವುಚಿಟ್ಟಿತ್ತು. ಕೆಳಗೆ ಏನೂ ಇರಲಿಲ್ಲ, ಎತ್ತಿ ನೋಡಿದೆ. ಊಟ ಮಾಡಲು ಮನಸ್ಸಾಗದೆ ಹೆಂಡತಿಗೆ ಫೋನು ಹಚ್ಚಿದೆ. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವಳಿಗೆ ಅವಳದೇ ತಲೆಬಿಸಿ. ಬೇಸಗೆ, ಬಾಡಿಗೆ ಮನೆಯ ಬಾವಿಯಲ್ಲಿ ನೀರು ತಳ ಸೇರಿತ್ತು.

"ಪಂಪು ಗಾಳಿ ಎಳೀತಾ ಉಂಟು ಮಾರಾಯ್ರೆ. ಪೈಪು ಇನ್ನೂ ಕೆಳಗೆ ಬಿಡ್ಬೇಕಂತೆ. ಈ ಬಾವಿ ಎಷ್ಟು ಆಳ ಅಂತ ನಿಮಗೆ ಗೊತ್ತಿಲ್ಲ, ಬಗ್ಗಿದ್ರೆ ತಲೆ ತಿರುಗ್ತದೆ."

"ಕೆಳಗಿನ ಮನೆಯವರ ಬಾವಿಯಿಂದ ತಗೊಳ್ಳಿಕ್ಕೆ ಆಗುದಿಲ್ವಾ? ಅವರದ್ದರಲ್ಲಿ ನೀರು ಮೇಲೆ ಉಂಟು ಅಂತ ನೀನೇ ಅಂದಿದ್ದೆ."

"ಮೇಲೆ ಅಂದ್ರೆ ಅವರಿಗೆ ಮೇಲೆ. ಅವರ ಅಂಗಳ ತಗ್ಗಿನಲ್ಲಿ ಉಂಟಲ್ಲ, ಹಗ್ಗ ಗಿಡ್ಡ ಸಾಕಾಗ್ತದೆ, ಅಷ್ಟೇ. ನೀರು ಇಬ್ರದ್ದೂ ಒಂದೇ. ನಮ್ಮಲ್ಲಿ ಇಳಿದ್ರೆ ಅವರಲ್ಲೂ ಇಳೀತದೆ. ಮೊನ್ನೆ ಅವರೂ ಪೈಪು ಕೆಳಗೆ ಬಿಟ್ರು. ನೀವು ಊಟ ಮಾಡಿದ್ರಾ?"

ಮಾಡಿದೆ ಎಂದು ಸುಳ್ಳು ಹೇಳಿದೆ. ಆದರೆ ಫೋನು ಇಟ್ಟ ಮೇಲೆ ಅವಳ ಮಾತು ತಲೆಯಲ್ಲೇ ನಿಂತಿತು. ಇಬ್ಬರದ್ದೂ ಒಂದೇ ನೀರು, ಹಗ್ಗ ಮಾತ್ರ ಉದ್ದ ಗಿಡ್ಡ. ನೇಪಲ್ಸಿನ ಹಾಳೆಗಳಲ್ಲಿ ಇದ್ದದ್ದು ಹಗ್ಗದ ಅಳತೆಗಳು. ನಾನು ಅವನ್ನು ಮೇಲಿನಿಂದ ಕೆಳಕ್ಕೆ ಇಳಿಬಿಟ್ಟಿದ್ದೆ. ಮಾಡಬೇಕಾದದ್ದು ತಿರುಗಾಮುರುಗಾ. ನೀರನ್ನೇ ಸೊನ್ನೆ ಮಾಡಿಕೊಂಡು ಅಲ್ಲಿಂದ ಮೇಲಕ್ಕೆ ಅಳೆದರೆ ಬೀದಿಯ ಇಳಿಜಾರು ತಾನಾಗಿ ಬರಬೇಕು.

ಬೆಳಿಗ್ಗೆ ಹೋಗಿ ಎಂಜಿನಿಯರನ ಪಕ್ಕ ಕೂತು ಲೆಕ್ಕ ಹಾಕಿಸಿದೆ. ಅವನ ಪ್ರತಿ ಅಂಗಳದ ಎತ್ತರದಿಂದ ನನ್ನ ಆಳ ಕಳೆದಾಗ ಎಲ್ಲ ಗುಹೆಗಳ ನೀರೂ ಹೆಚ್ಚುಕಡಿಮೆ ಒಂದೇ ಗೆರೆಗೆ ಬಂತು. ಗುಡ್ಡದಿಂದ ಸಮುದ್ರದ ಕಡೆಗೆ ಕೂದಲೆಳೆಯಷ್ಟು ಇಳಿಜಾರು, ನೀರು ಹರಿಯಲು ಬೇಕಾದಷ್ಟೇ. ಅವನು ಕುರ್ಚಿಗೆ ಒರಗಿದ.

"ಸರಿ ಐತ್ರಿ ಲೆಕ್ಕ. ಆದ್ರ ಈಗೇನ್ ಮಾಡೂದು? ಗಡ್ಡಿ ಒಂದ ಐತಲ್ಲ."

"ಕೊಯ್ಯೋಣ," ಎಂದೆ.

"ಏನ್ ಕೊಯ್ಯೂದ್ರಿ?"

"ಇದನ್ನೇ. ಒಂದೊಂದು ಗುಹೆಯನ್ನು ಬೇರೆ ಬೇರೆ ಕಂಬ ಮಾಡಿ, ನೆಟ್ಟಗೆ ಎತ್ತಿ ಅವರವರ ಎತ್ತರಕ್ಕೆ ಕೂರಿಸುವುದು. ಓರೆ ಮಾಡಿದ್ದರಿಂದ ತಾನೇ ನೀರು ಓರೆಯಾದದ್ದು. ಓರೆ ಮಾಡುವುದು ಬೇಡ. ಎತ್ತಿದರೆ ಸಾಕು."

ಅವನು ಗಡ್ಡೆಯನ್ನೂ ನನ್ನನ್ನೂ ನೋಡಿದ. "ಮುರದ್ರ ಕಪ್ಪು ಅರಿವಿ ಸುತ್ತಾಕೂ ಏನೂ ಉಳಿಯೂದಿಲ್ರಿ ಅಣ್ಣಾರ."

ಅದು ನನಗೂ ಗೊತ್ತಿತ್ತು. ಮ್ಯಾನೇಜರಿಗೆ ಹೇಳಿದರೆ ಬೇಡವೆನ್ನುತ್ತಿದ್ದರು, ಅವರ ದೃಷ್ಟಿಯಲ್ಲಿ ಅದು ಸರಿಯೇ. ಅವರು ಆ ದಿನ ಸೈಟಿಗೆ ಹೋಗಿದ್ದರು. ನಾನು ಸೀಸದ ಕಡ್ಡಿಯಿಂದ ಕೊಯ್ಲಿನ ಗೆರೆಗಳನ್ನು ಎಳೆದೆ, ಯಾವ ಗೆರೆಯೂ ಗುಹೆಯನ್ನು ಮುಟ್ಟದ ಹಾಗೆ. ಮುಟ್ಟದೆ ವಿಧಿಯಿಲ್ಲದ್ದು ಕಾಲುವೆಗಳನ್ನು ಮಾತ್ರ. ತೆಳು ಅಲಗಿನ ಕೈಗರಗಸ ತೆಗೆದುಕೊಂಡೆ. ಯಂತ್ರದ ಗರಗಸಕ್ಕೆ ಫೋಮು ಕರಗಿ ರೆಸಿನ್ ಸೀಳುತ್ತದೆ, ಕೈಗಾದರೆ ಹೆದರಿಕೆ ಗೊತ್ತಾಗುತ್ತದೆ, ನಿಲ್ಲುತ್ತದೆ.

ಮೊದಲ ಎಳೆತ ಎಳೆದೆ. ವಾರಗಟ್ಟಲೆ ಬಣ್ಣ ಉಜ್ಜಿದ ಕಲ್ಲಿನ ಮೇಲೆ ನಾನೇ ಗರಗಸ ಆಡಿಸುತ್ತಿದ್ದೆ. ಎಂಜಿನಿಯರ್ ಎದುರು ನಿಂತು ಗಡ್ಡೆಯನ್ನು ಒತ್ತಿಹಿಡಿದ. ಮಂಚಗಳಿದ್ದ ಗುಹೆಯ ಪಕ್ಕದಲ್ಲಿ ಒಂದು ಮೂಲೆ ಕಳಚಿ ಬಿತ್ತು. ಬಿದ್ದ ಚೂರನ್ನು ಅವನು ಕರವಸ್ತ್ರದಲ್ಲಿ ಕಟ್ಟಿಟ್ಟ. ಮಧ್ಯಾಹ್ನಕ್ಕೆ ಊರು ತುಂಡು ತುಂಡಾಗಿ ಹಲಗೆಯ ಮೇಲೆ ಹರಡಿತ್ತು. ಬುಡ ಎತ್ತಿದಾಗ ನನ್ನ ಸಾಬಕ್ಕಿ ಕಾಳು ಭಾರಕ್ಕೆ ಪುಡಿಯಾಗಿತ್ತು.

"ಹೇಳಿದ್ನೆಲ್ರಿ," ಎಂದ ಅವನು. ಇಬ್ಬರೂ ನಕ್ಕೆವು. ಬಹಳ ದಿನದ ಮೇಲೆ ನಕ್ಕದ್ದರಿಂದ ಹೊಟ್ಟೆ ನೋಯಿತು.

ಮಟ್ಟ ಹಿಡಿಯಲು ಲೇಸರ್ ಯಂತ್ರವಿತ್ತು. ನಾನು ಅದನ್ನು ಬಿಟ್ಟು ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪನ್ನು ತರಿಸಿದೆ. ಎರಡೂ ತುದಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೋ ಅದೇ ಮಟ್ಟ. ನೀರಿನ ಕೆಲಸಕ್ಕೆ ನೀರನ್ನೇ ಸಾಕ್ಷಿ ಕೇಳಬೇಕೆನಿಸಿತು, ಬೇರೆ ಕಾರಣವೇನಿಲ್ಲ. ಒಂದೊಂದು ಕಂಬದ ಕೆಳಗೆ ಅಕ್ರಿಲಿಕ್ ಚೂರುಗಳನ್ನು ಕೊಟ್ಟು ಎತ್ತುತ್ತ, ರೆಸಿನ್ನಿನ ಮೈಯನ್ನು ಪೈಪಿನ ಗೆರೆಗೆ ತಾಗಿಸುತ್ತ ಹೋದೆ. ಕಂಬಗಳ ನಡುವಿನ ಸಂದಿಗೆ ಪ್ಲಾಸ್ಟರ್ ತುಂಬಿ ಮತ್ತೆ ಹಳದಿ, ಮತ್ತೆ ಬೂದಿ. ಕಾಲುವೆಗಳನ್ನು ಹೊಸದಾಗಿ ಕೊರೆದೆ. ಅವು ಈಗ ಏಣಿಯಂತೆ ಏರುತ್ತಿರಲಿಲ್ಲ, ಮಲಗಿದ್ದವು. ಸಂಜೆ ಬಂದ ಮ್ಯಾನೇಜರ್ ಬಾಗಿಲಲ್ಲೇ ನಿಂತು ತಲೆ ಮೇಲೆ ಕೈಯಿಟ್ಟರು. ಅಷ್ಟರಲ್ಲಿ ಹಿಂದೆ ಹೋಗುವ ದಾರಿ ಇರಲಿಲ್ಲವಾದ್ದರಿಂದ ಅವರೇ ಚಹಾ ತರಿಸಿದರು.

ಲಾರಿ ಬರುವ ಹಿಂದಿನ ದಿನ ಮೇಲಿನ ಪದರಗಳನ್ನು ಮತ್ತೆ ಇಳಿಸಿದೆವು. ಈ ಸಲ ಕಿರ್ರ್ ಎನ್ನಲಿಲ್ಲ. ಕೆಳಗೆ ದೀಪ ಹಚ್ಚಿ, ಶೆಡ್ಡಿನ ದೀಪಗಳನ್ನು ಆರಿಸಿ, ನಾನು ಒಂದು ಅಂಗಳದ ಬಾವಿಗೆ ಕಣ್ಣಿಟ್ಟೆ. ಮನೆಯ ಅಂಗಳ, ಅದರ ಕೆಳಗೆ ರೋಮನ್ ಗೋಡೆ, ಅದರ ಕೆಳಗೆ ಹಳದಿ ಕಲ್ಲು, ಕಲ್ಲಿನಲ್ಲಿ ಕಾಲಿಡುವ ತೂತುಗಳು ಒಂದರ ಕೆಳಗೊಂದು, ಬುಡದಲ್ಲಿ ಬೆಳಗುತ್ತಿದ್ದ ನೀರು. ಆ ನೀರು ಸಮವಾಗಿ ನಿಂತಿತ್ತು. ಎಂಜಿನಿಯರ್ ಇನ್ನೊಂದು ಬಾವಿಯಲ್ಲಿ ನೋಡುತ್ತಿದ್ದ. ಅವನು ಆ ತೂತುಗಳನ್ನು ಕಂಡದ್ದು ಅದೇ ಮೊದಲು. "ಎಷ್ಟ್ ಚುಚ್ಚೀರಿ ಅಣ್ಣಾರ," ಎಂದ.

ಒಂದು ಬಾವಿ ಮಾತ್ರ ಪ್ಲಾಸ್ಟರ್ ತುಂಬಿಕೊಂಡು ಕುರುಡಾಗಿಯೇ ಉಳಿಯಿತು, ಮೂಲೆ ಬಿದ್ದ ಗುಹೆಯ ಪಕ್ಕದ್ದು. ಲಾರಿಯ ಜೊತೆ ಬಂದ ಮೇಡಂ ಅದನ್ನು ತೆರೆಯಲು ಬಿಡಲಿಲ್ಲ. ಅವರ ಊರಲ್ಲೂ ಎಷ್ಟೋ ಬಾವಿಗಳಿಗೆ ಕಲ್ಲುಮಣ್ಣು ತುಂಬಿ ಮುಚ್ಚಿದ್ದಾರಂತೆ. ಕಪ್ಪು ಬಟ್ಟೆಯ ಮಾತು ಅವರು ಮತ್ತೆ ಎತ್ತಲಿಲ್ಲ.

ಉದ್ಘಾಟನೆಗೆ ನಮ್ಮಂಥವರನ್ನು ಕರೆಯುವ ಪದ್ಧತಿ ಇಲ್ಲ. ಮುಂದಿನ ಭಾನುವಾರ ನಾನೊಬ್ಬನೇ ಬಸ್ಸು ಹತ್ತಿ ಅಬುಧಾಬಿಗೆ ಹೋದೆ. ಎಂಜಿನಿಯರನನ್ನು ಕರೆದಿದ್ದೆ, ಅವನ ಮನೆಗೆ ಅತ್ತೆಮಾವ ಬಂದಿದ್ದರು. ಜನ ಒಬ್ಬೊಬ್ಬರಾಗಿ ಬಾವಿಗಳಿಗೆ ಬಗ್ಗುತ್ತಿದ್ದರು, ನಾನೂ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಹೆಂಡತಿಗೆ ವೀಡಿಯೊ ಕಾಲ್ ಮಾಡಿ ಫೋನಿನ ಕಣ್ಣನ್ನು ಬಾವಿಯ ಬಾಯಿಗೆ ಹಿಡಿದೆ. ಮಗಳ ತಲೆಯೂ ಪರದೆಯಲ್ಲಿ ತೂರಿತು.

"ಪಪ್ಪಾ, ಇಟ್ಸ್ ಸೋ ಡೀಪ್," ಎಂದಳು.

ಹೆಂಡತಿ ಪರದೆಗೆ ಮುಖ ಹತ್ತಿರ ತಂದಳು. ಆಮೇಲೆ ಕೇಳಿದಳು: "ಗೋಡೆಯಲ್ಲಿ ಅದೆಂತದು, ತೂತು ತೂತು?"

"ಹತ್ತಿ ಬರ್ಲಿಕ್ಕೆ," ಎಂದೆ.

"ಯಾರಿಗೆ?"

ಹಿಂದೆ ನಿಂತವರು ಕಾಯುತ್ತಿದ್ದರು. ಆಮೇಲೆ ಹೇಳುತ್ತೇನೆಂದು ಫೋನು ಮುಚ್ಚಿದೆ.

ಅಲ್ ಬರ್ಷಾಕ್ಕೆ ಬಂದಾಗ ಎದುರಿನ ಮಂಚಕ್ಕೆ ಹೊಸ ಚಾದರ ಹಾಸಿತ್ತು. ಕೆಳಗೆ ಒಂದು ನೀಲಿ ಬ್ಯಾಗು, ಗೂಟಕ್ಕೆ ಸೆಕ್ಯುರಿಟಿಯವರ ಟೋಪಿ. ಮನುಷ್ಯ ಇರಲಿಲ್ಲ. ಇವನದೂ ನೈಟ್ ಡ್ಯೂಟಿಯೇ ಇರಬೇಕು. ಬಾಲ್ಕನಿಯಲ್ಲಿ ಅವನ ಅಂಗಿಯೊಂದು ಒಣಗಿ ಹಗ್ಗದ ಮೇಲೆ ಮುದುಡಿಕೊಂಡು ಬಿದ್ದಿತ್ತು. ತಂದು, ಕಾಲರ್ ಸರಿ ಮಾಡಿ ಮಡಚಿ ಮಂಚದ ಮೇಲಿಟ್ಟೆ. ಮಗ್ಗುಲಿಗೆ ಒಂದು ಕಿತ್ತಳೆ ಇಟ್ಟೆ. ಆ ಸಂಜೆ ಹೆಂಡತಿ ಫೋನಿನಲ್ಲಿ ಕೋಣೆಗೆ ಯಾರಾದರೂ ಬಂದರೇ ಎಂದು ಕೇಳಿದಳು. ಯಾರೂ ಇಲ್ಲವೆಂದೆ. ಆ ಮಾತನ್ನು ಅವನು ಇದ್ದಷ್ಟು ದಿನವೂ ನಡೆಸಿಕೊಂಡು ಬಂದೆ. ಅವನೂ ಕಳೆದ ತಿಂಗಳು ಕೋಣೆ ಬಿಟ್ಟು ಹೋದ, ಆದ್ದರಿಂದ ಈಗ ಇಲ್ಲಿ ಬರೆದರೆ ತೊಂದರೆಯಿಲ್ಲ.